‘ಏನೂ ಕಂಡುಬಂದಿಲ್ಲ’ ಎಂಬ ವರದಿಯ ಹಿಂದಿನ ಕೆಲಸ

ಪ್ರಶ್ನೆ: ನಾನು ಎಂ.ಎಸ್ಸಿ. ಜೈವಿಕ ತಂತ್ರಜ್ಞಾನದ ಕೊನೆಯ ವರ್ಷದಲ್ಲಿದ್ದೇನೆ. ನನ್ನ ಚಿಕ್ಕಪ್ಪನಿಗೆ ಐವತ್ತು ದಾಟಿದ ಮೇಲೆ ನಡಿಗೆ ತಪ್ಪತೊಡಗಿತು. ಈಗ ಕತ್ತಲೆಯಲ್ಲಿ ಗೋಡೆ ಹಿಡಿಯದೆ ನಡೆಯಲಾರರು. ಡಿಎನ್‌ಎಯ ಆಯ್ದ ಭಾಗವನ್ನು ಓದುವ ಎಕ್ಸೋಮ್ ಪರೀಕ್ಷೆ ಮಾಡಿಸಿದೆವು. ‘ರೋಗಕ್ಕೆ ಕಾರಣವಾಗುವ ಬದಲಾವಣೆ ಕಂಡುಬಂದಿಲ್ಲ’ ಎಂದು ವರದಿ ಬಂತು. ಇಂಥ ವರದಿಗಳ ಹಿಂದಿರುವ, ಡಿಎನ್‌ಎ ದತ್ತಾಂಶವನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸುವ ಬಯೋಇನ್ಫರ್ಮ್ಯಾಟಿಕ್ಸ್ ಪರಿಣತರು ನಿಜವಾಗಿ ಏನು ಮಾಡುತ್ತಾರೆ? ಅದು ಬರೀ ಸಾಫ್ಟ್‌ವೇರ್ ಓಡಿಸುವ ಕೆಲಸವೆಂದು ಕೆಲವರು ಹೇಳುತ್ತಾರೆ. ಕೃತಕ ಬುದ್ಧಿಮತ್ತೆ ಬಂದ ಮೇಲೂ ಆ ಕೆಲಸ ಉಳಿಯುತ್ತದೆಯೇ? ಚಿಕಿತ್ಸೆಯೇ ಇಲ್ಲದ ಅಪರೂಪದ ನರರೋಗಗಳಿಗೆ ಹೆಸರು ಹುಡುಕುವುದರಿಂದ ಯಾರಿಗೆ ಏನು ಸಿಗುತ್ತದೆ? ನಾನು ಈ ಕ್ಷೇತ್ರಕ್ಕೆ ಬರಬೇಕಾದರೆ ಏನು ಕಲಿಯಬೇಕು?

ಉತ್ತರ: ನಿಮ್ಮ ಚಿಕ್ಕಪ್ಪನವರ ವರದಿಯ ಆ ಸಾಲಿನಿಂದಲೇ ಶುರುಮಾಡುತ್ತೇನೆ. ‘ಕಂಡುಬಂದಿಲ್ಲ’ ಎಂದು ಪ್ರಯೋಗಾಲಯ ಬರೆದದ್ದನ್ನು ಮನೆಯವರು ‘ಇಲ್ಲ’ ಎಂದು ಓದಿಕೊಳ್ಳುತ್ತಾರೆ. ಎಷ್ಟೋ ಸಲ ವೈದ್ಯರೂ ಹಾಗೆಯೇ ಓದಿ ಕಡತ ಮುಚ್ಚಿಬಿಡುತ್ತಾರೆ. ಈ ಎರಡು ಮಾತುಗಳ ನಡುವಿನ ಅಂತರದಲ್ಲೇ ನಮ್ಮ ವೃತ್ತಿ ನಡೆಯುತ್ತದೆ. ಪರೀಕ್ಷೆ ಎಲ್ಲಿ ನೋಡಿತು, ಎಲ್ಲಿ ನೋಡಲೇ ಇಲ್ಲ, ನೋಡಿದ ಕಡೆಯೂ ಎಷ್ಟು ಸ್ಪಷ್ಟವಾಗಿ ನೋಡಿತು ಎಂಬ ಅರಿವಿಲ್ಲದವರು ಈ ಕೆಲಸಕ್ಕೆ ಕುಳಿತರೆ ರೋಗಿಗೆ ಅಪಾಯ. ಅರಿವಿದ್ದವರು ದಶಕಗಳಿಂದ ಕಾರಣ ತಿಳಿಯದೆ ಉಳಿದಿದ್ದ ಕಾಯಿಲೆಗಳ ಮೂಲವನ್ನು ಹುಡುಕಿ ಕೊಟ್ಟ ಉದಾಹರಣೆಗಳಿವೆ. ಅವುಗಳಿಗೆ ಮುಂದೆ ಬರುತ್ತೇನೆ.

ಮೊದಲು ದಿನನಿತ್ಯದ ಕೆಲಸ. ರಕ್ತದಿಂದ ಬೇರ್ಪಡಿಸಿದ ಡಿಎನ್‌ಎಯನ್ನು ಸೀಕ್ವೆನ್ಸಿಂಗ್ ಯಂತ್ರ ಸಾಮಾನ್ಯವಾಗಿ 150 ಅಕ್ಷರಗಳಷ್ಟು ಉದ್ದದ ತುಣುಕುಗಳಾಗಿ ಓದುತ್ತದೆ. ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರ. ಇಂಥ ಕೋಟ್ಯಂತರ ತುಣುಕುಗಳಲ್ಲಿ ಪ್ರತಿಯೊಂದಕ್ಕೂ ಮನುಷ್ಯನ ಮಾದರಿ ಜೀನೋಮ್‌ನ, ಅಂದರೆ ಹೋಲಿಕೆಗೆಂದು ಇಟ್ಟುಕೊಂಡ ಇಡೀ ಡಿಎನ್‌ಎ ಪಠ್ಯದ, ಸುಮಾರು 300 ಕೋಟಿ ಅಕ್ಷರಗಳ ನಡುವೆ ಅದರ ಜಾಗ ಹುಡುಕಿ ಕೂರಿಸಬೇಕು. ಕೂರಿಸಿದ ಮೇಲೆ ರೋಗಿಯ ಡಿಎನ್‌ಎ ಮಾದರಿಗಿಂತ ಎಲ್ಲೆಲ್ಲಿ ಭಿನ್ನವಾಗಿದೆ ಎಂದು ಪಟ್ಟಿ ಮಾಡಬೇಕು. ಇಡೀ ಜೀನೋಮ್ ಓದಿದರೆ ನಿಮ್ಮಲ್ಲೂ ನನ್ನಲ್ಲೂ 40ರಿಂದ 50 ಲಕ್ಷ ವ್ಯತ್ಯಾಸಗಳು ಸಿಗುತ್ತವೆ. ಎಕ್ಸೋಮ್ ಎಂದರೆ ಪ್ರೋಟೀನ್ ತಯಾರಿಕೆಗೆ ಸಂಕೇತ ಒದಗಿಸುವ ಭಾಗ ಮಾತ್ರ, ಇಡೀ ಜೀನೋಮ್‌ನ ಶೇ 2ಕ್ಕಿಂತಲೂ ಕಡಿಮೆ. ಅಷ್ಟರಲ್ಲೇ ಹತ್ತಾರು ಸಾವಿರ ವ್ಯತ್ಯಾಸಗಳಿರುತ್ತವೆ. ಕಾಯಿಲೆಗೆ ಕಾರಣವಾದದ್ದು ಅವುಗಳಲ್ಲಿ ಒಂದೋ ಎರಡೋ. ಪಟ್ಟಿ ತಯಾರಾಗುವವರೆಗಿನ ಕೆಲಸವನ್ನು ಬಿಡಬ್ಲ್ಯುಎ, ಜಿಎಟಿಕೆ, ಡೀಪ್‌ವೇರಿಯಂಟ್‌ನಂಥ ತಂತ್ರಾಂಶಗಳು ಬಹುಮಟ್ಟಿಗೆ ತಾವೇ ಮಾಡುತ್ತವೆ. ಇದು ಸಾಫ್ಟ್‌ವೇರ್ ಓಡಿಸುವ ಕೆಲಸ ಎನ್ನುವವರು ನೋಡಿರುವುದು ಇಷ್ಟನ್ನೇ.

ಆ ಪಟ್ಟಿಯನ್ನು ಸೋಸುವುದರಿಂದ ನಿಜವಾದ ಕೆಲಸ ಆರಂಭವಾಗುತ್ತದೆ. ಅಪರೂಪದ ಕಾಯಿಲೆ ತರುವ ಬದಲಾವಣೆ ಜನಸಮುದಾಯದಲ್ಲೂ ಅಪರೂಪವಾಗಿಯೇ ಇರಬೇಕು ಎಂಬುದು ಮೊದಲ ತರ್ಕ. ಇದಕ್ಕೆ ಜಗತ್ತಿನ ಬಹುತೇಕ ಪ್ರಯೋಗಾಲಯಗಳು ನೆಚ್ಚಿಕೊಂಡಿರುವುದು ನೊಮ್ಯಾಡ್ ಎಂಬ ಸಾರ್ವಜನಿಕ ದತ್ತಾಂಶವನ್ನು. 2023ರ ನವೆಂಬರ್‌ನಲ್ಲಿ ಬಂದ ಅದರ ನಾಲ್ಕನೇ ಆವೃತ್ತಿಯಲ್ಲಿ 8 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯಿದೆ, ಆದರೆ ದಕ್ಷಿಣ ಏಷ್ಯಾದವರ ಪಾಲು ತೀರ ಸಣ್ಣದು. ಅದಕ್ಕೂ ಮೊದಲಿನ ಸಾವಿರ ಜೀನೋಮ್ ಯೋಜನೆಯನ್ನು ನೋಡಿ: ಬ್ರಿಟನ್ನಿನಲ್ಲಿ ನೆಲೆಸಿದ ತೆಲುಗರಿದ್ದಾರೆ, ಅಲ್ಲಿಯ ಶ್ರೀಲಂಕಾ ತಮಿಳರಿದ್ದಾರೆ, ಹ್ಯೂಸ್ಟನ್ನಿನ ಗುಜರಾತಿಗಳು, ಲಾಹೋರಿನ ಪಂಜಾಬಿಗಳು, ಬಾಂಗ್ಲಾದೇಶದ ಬಂಗಾಳಿಗಳು ಇದ್ದಾರೆ. ಕನ್ನಡಿಗರದೆಂಬ ಗುಂಪು ಇಲ್ಲ. ಹೀಗಾಗಿ ನಮ್ಮ ಯಾವುದೋ ಒಂದು ಸಮುದಾಯದಲ್ಲಿ ಹಲವರಿಗಿರುವ ನಿರುಪದ್ರವಿ ಬದಲಾವಣೆ ಈ ದತ್ತಾಂಶಗಳಲ್ಲಿ ಕಾಣಿಸದೆ, ‘ಬಹಳ ಅಪರೂಪ, ಅನುಮಾನಾಸ್ಪದ’ ಎಂಬ ಪಟ್ಟ ಹೊತ್ತು ವರದಿಯೊಳಗೆ ಬಂದು ಕೂರುತ್ತದೆ.

ನಮ್ಮಲ್ಲಿ ಇದು ಸಣ್ಣ ಸಮಸ್ಯೆಯಲ್ಲ. ದಕ್ಷಿಣ ಏಷ್ಯಾದ 263 ಗುಂಪುಗಳನ್ನು ಪರಿಶೀಲಿಸಿದ 2017ರ ಅಧ್ಯಯನವೊಂದು, ಅವುಗಳಲ್ಲಿ 81 ಗುಂಪುಗಳು ಕೆಲವೇ ಪೂರ್ವಜರಿಂದ ಬೆಳೆದವರೆಂದು ಹೆಸರಾದ ಫಿನ್ಲೆಂಡಿನವರಿಗಿಂತ, ಯುರೋಪಿನ ಅಶ್ಕೆನಾಜಿ ಯಹೂದಿಗಳಿಗಿಂತಲೂ ಕಡಿಮೆ ಪೂರ್ವಜರಿಂದ ಕವಲೊಡೆದು ಬೆಳೆದಿರುವುದನ್ನು ತೋರಿಸಿತು. ಜಾತಿಯೊಳಗೇ, ಉಪಜಾತಿಯೊಳಗೇ ತಲೆಮಾರುಗಳ ಕಾಲ ಮದುವೆಗಳು ನಡೆದಾಗ ಯಾವನೋ ಒಬ್ಬ ಪೂರ್ವಜನಲ್ಲಿದ್ದ ಬದಲಾವಣೆ ಅಲ್ಲಿಯೇ ಸುತ್ತುತ್ತಿರುತ್ತದೆ. ಮಕ್ಕಳ ತಲೆ ಅಸಹಜವಾಗಿ ದೊಡ್ಡದಾಗಿ ಮಿದುಳಿನ ಬಿಳಿ ಭಾಗ ಕೆಡುವ ಎಂಎಲ್‌ಸಿ ಎಂಬ ಕಾಯಿಲೆ ಇದಕ್ಕೆ ಸಾಕ್ಷಿ: ಅಗರ್ವಾಲ್ ಸಮುದಾಯದ ರೋಗಿಗಳಲ್ಲಿ ಎಂಎಲ್‌ಸಿ1 ವಂಶವಾಹಿಯ ಒಂದೇ ಬದಲಾವಣೆ ಮತ್ತೆ ಮತ್ತೆ ಸಿಗುತ್ತದೆ. ಬೆಂಗಳೂರಿನ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಸಂಯೋಜಿಸಿದ ಜೀನೋಮ್ ಇಂಡಿಯಾ ಯೋಜನೆಯ ಸುಮಾರು 10,000 ಭಾರತೀಯರ ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದುಕೊಂಡಿತು. ನನ್ನ ದೃಷ್ಟಿಯಲ್ಲಿ ನಮ್ಮ ದೇಶದ ಅಪರೂಪದ ಕಾಯಿಲೆಯ ರೋಗಿಗಳಿಗೆ ಇತ್ತೀಚೆಗೆ ಆಗಿರುವ ದೊಡ್ಡ ಉಪಕಾರಗಳಲ್ಲಿ ಇದೂ ಒಂದು, ಅದರ ಸುದ್ದಿ ಅವರ ಕಿವಿಗೆ ಬೀಳದಿದ್ದರೂ.

ಕರ್ನಾಟಕದಲ್ಲಿ ಕೆಲಸ ಮಾಡುವವರು ರಕ್ತಸಂಬಂಧದ ಮದುವೆಯ ಲೆಕ್ಕವನ್ನೂ ಕಲಿಯಬೇಕು. ಸೋದರಮಾವನನ್ನು ಮದುವೆಯಾದವರ ಮಗುವಿನಲ್ಲಿ ಜೀನೋಮ್‌ನ ಸರಾಸರಿ ಎಂಟನೇ ಒಂದು ಭಾಗ ತಂದೆಯಿಂದಲೂ ತಾಯಿಯಿಂದಲೂ ಒಂದೇ ಪ್ರತಿಯಾಗಿ ಬಂದಿರುತ್ತದೆ. ಅತ್ತೆಯ ಮಗ, ಮಾವನ ಮಗಳು ಮದುವೆಯಾದರೆ ಅದು ಹದಿನಾರನೇ ಒಂದು ಭಾಗ. ದತ್ತಾಂಶದಲ್ಲಿ ಅಂಥ ಭಾಗ ಎದ್ದು ಕಾಣುತ್ತದೆ. ಲಕ್ಷಾಂತರ ಅಕ್ಷರಗಳ ಉದ್ದಕ್ಕೂ ಎರಡು ಪ್ರತಿಗಳ ನಡುವೆ ಒಂದು ವ್ಯತ್ಯಾಸವೂ ಸಿಗುವುದಿಲ್ಲ. ಎರಡೂ ಪ್ರತಿ ಕೆಟ್ಟಾಗ ಬರುವ ಕಾಯಿಲೆಯಾದರೆ ಮೊದಲು ಅಲ್ಲಿ ಹುಡುಕುತ್ತೇವೆ, ಹುಡುಕಬೇಕಾದ ಜಾಗ ಎಷ್ಟೋ ಕಿರಿದಾಗುತ್ತದೆ. ಇಂಥ ಕುಟುಂಬದಲ್ಲಿ ಒಂದೇ ಮಗುವಿಗೆ ಎರಡು ಬೇರೆ ಬೇರೆ ಕಾಯಿಲೆಗಳು ಕೂಡಿಕೊಂಡು ಬರುವ ಸಾಧ್ಯತೆಯೂ ಇರುವುದರಿಂದ ಒಂದು ಉತ್ತರ ಸಿಕ್ಕಿದ ಕೂಡಲೇ ನಿಲ್ಲುವಂತಿಲ್ಲ.

ಸೋಸುವ ಇನ್ನೊಂದು ಸಾಧನ ರೋಗಲಕ್ಷಣ. ವೈದ್ಯರ ಚೀಟಿಯಲ್ಲಿ ‘ಫಿಟ್ಸ್, ಬೆಳವಣಿಗೆ ನಿಧಾನ’ ಎಂದಷ್ಟೇ ಇದ್ದರೆ ನೂರಾರು ವಂಶವಾಹಿಗಳು ಅನುಮಾನಕ್ಕೆ ಒಳಗಾಗುತ್ತವೆ. ಐದನೇ ತಿಂಗಳಲ್ಲಿ ಶುರುವಾಯಿತೇ, ಜ್ವರ ಬಂದಾಗಲೇ ಹೆಚ್ಚೇ, ಬೆಳಿಗ್ಗೆ ಹೊಟ್ಟೆ ಖಾಲಿಯಿದ್ದಾಗ ಬಂದು ತಿಂದ ಮೇಲೆ ಕಡಿಮೆಯಾಗುತ್ತದೆಯೇ, ಕಲಿತಿದ್ದ ಮಾತು ಮರೆತುಹೋಯಿತೇ ಎಂಬ ವಿವರಗಳು ಬಂದಾಗ ಪಟ್ಟಿ ಸರ್ರನೆ ಇಳಿಯುತ್ತದೆ. ಈ ಲಕ್ಷಣಗಳಿಗೆ ಎಚ್‌ಪಿಒ ಎಂಬ ಜಾಗತಿಕ ಸಂಕೇತಪಟ್ಟಿಯಿದೆ. ಮೂರ್ಛೆಗೆ ಅದರಲ್ಲಿ 0001250, ನಡಿಗೆ ಮತ್ತು ಕೈಕಾಲುಗಳ ಹತೋಟಿ ತಪ್ಪುವ ಅಟಾಕ್ಸಿಯಾಕ್ಕೆ 0001251. ಒಳ್ಳೆಯ ಲಕ್ಷಣಪಟ್ಟಿ ಕಳುಹಿಸುವ ನರರೋಗ ತಜ್ಞರು ಸಿಕ್ಕರೆ ಅರ್ಧ ಕೆಲಸ ಆದಂತೆ. ಸಿಗದಿದ್ದರೆ ಫೋನ್ ಎತ್ತಿ ಕೇಳಲು ಸಂಕೋಚ ಪಡಬಾರದು. ಈ ಫೋನ್ ಕರೆಯನ್ನು ಯಾವ ಪಠ್ಯಪುಸ್ತಕವೂ ಕಲಿಸುವುದಿಲ್ಲ, ಆದರೆ ನಾನು ಕಂಡಂತೆ ಅದರಿಂದ ಬಿಡಿಸಿಕೊಂಡ ಗಂಟುಗಳು ಬಹಳ.

ಒಂದು ಉದಾಹರಣೆಯನ್ನು ಹತ್ತಿರದಿಂದ ತೋರಿಸುತ್ತೇನೆ. ಸೋಸಿದ ಮೇಲೆ ಹತ್ತೋ ಹದಿನೈದೋ ಅಭ್ಯರ್ಥಿಗಳು ಉಳಿದಿವೆ ಎಂದುಕೊಳ್ಳಿ. ಪ್ರತಿಯೊಂದನ್ನೂ ಐಜಿವಿ ಎಂಬ ತಂತ್ರಾಂಶದಲ್ಲಿ ತೆರೆದು ಕಣ್ಣಿನಿಂದಲೇ ನೋಡಬೇಕು. ಪರದೆಯ ಮೇಲೆ ಮೂರು ಅಂಕಣ: ಮೇಲೆ ಮಗು, ನಡುವೆ ತಾಯಿ, ಕೆಳಗೆ ತಂದೆ. ಬೂದುಬಣ್ಣದ ಗೆರೆಗಳು ಒಂದರ ಕೆಳಗೊಂದು ಪೇರಿಸಿವೆ. ಒಂದೊಂದು ಗೆರೆಯೂ ಯಂತ್ರ ಓದಿದ ಒಂದೊಂದು ತುಣುಕು. ಮಾದರಿಯಂತೆಯೇ ಇದ್ದ ಅಕ್ಷರ ಕಾಣಿಸುವುದಿಲ್ಲ, ಬದಲಾದದ್ದು ಮಾತ್ರ ಬಣ್ಣ ತಳೆಯುತ್ತದೆ. ಮಗುವಿನ ಅಂಕಣದಲ್ಲಿ ನಲವತ್ತು ಗೆರೆಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಒಂದೇ ಜಾಗದಲ್ಲಿ ಕೆಂಪು ಟಿ. ತಾಯಿಯಲ್ಲಿ ಇಲ್ಲ, ತಂದೆಯಲ್ಲೂ ಇಲ್ಲ. ತಂತ್ರಾಂಶ ಇದನ್ನು ‘ಹೊಸದಾಗಿ ಹುಟ್ಟಿದ ಬದಲಾವಣೆ’ ಎಂದು ಗುರುತಿಸಿದೆ. ತೀವ್ರ ನರರೋಗವಿರುವ ಮಗುವಿನಲ್ಲಿ ಇಂಥದ್ದು ಸಿಕ್ಕರೆ ಯಾರಿಗಾದರೂ ಎದೆ ಡವಗುಟ್ಟುತ್ತದೆ.

ಈಗ ತಡೆದು ನೋಡಬೇಕು. ಆ ಕೆಂಪು ಅಕ್ಷರ ಎಡಗಡೆಯಿಂದ ಓದಿದ ತುಣುಕುಗಳಲ್ಲೂ ಬಲಗಡೆಯಿಂದ ಓದಿದವುಗಳಲ್ಲೂ ಇದೆಯೇ? ತುಣುಕುಗಳ ತುದಿಯಲ್ಲೇ ಗುಂಪುಗಟ್ಟಿದೆಯೇ? ತುದಿಯಲ್ಲಿ ಯಂತ್ರ ತಪ್ಪು ಓದುವುದು ಸಾಮಾನ್ಯ. ಎಲ್ಲಕ್ಕಿಂತ ಮುಖ್ಯವಾಗಿ, ತಂದೆಯ ಅಂಕಣದಲ್ಲಿ ಆ ಜಾಗವನ್ನು ದಾಟಿಹೋಗುವ ಗೆರೆಗಳು ಎಷ್ಟಿವೆ? ನಲವತ್ತಿದ್ದು ಒಂದರಲ್ಲೂ ಟಿ ಇಲ್ಲದಿದ್ದರೆ ಮಾತು ಗಟ್ಟಿ. ನಾಲ್ಕೇ ಗೆರೆಗಳಿದ್ದರೆ, ತಂದೆಗೂ ಆ ಬದಲಾವಣೆಯಿದ್ದು ನಾಲ್ಕೂ ಸಲ ಇನ್ನೊಂದು ಪ್ರತಿಯೇ ಓದಿಸಿಕೊಂಡಿರುವ ಸಂಭವ ಹದಿನಾರರಲ್ಲಿ ಒಂದು. ಆರೋಗ್ಯವಂತ ತಂದೆಗೂ ಅದೇ ಬದಲಾವಣೆ ಇದ್ದರೆ ಇಡೀ ಕಥೆಯೇ ತಿರುಗಿಬೀಳುತ್ತದೆ. ಇದಕ್ಕೂ ಮೊದಲು ಆ ಮೂರು ರಕ್ತದ ಮಾದರಿಗಳು ನಿಜಕ್ಕೂ ತಂದೆ, ತಾಯಿ, ಮಗುವಿನವೇ, ಟ್ಯೂಬುಗಳು ಅದಲುಬದಲಾಗಿಲ್ಲವೇ ಎಂಬುದನ್ನು ದತ್ತಾಂಶದಿಂದಲೇ ಖಚಿತಪಡಿಸಿಕೊಂಡಿರಬೇಕು. ಆಮೇಲೂ 2015ರಲ್ಲಿ ಅಮೆರಿಕದ ವೈದ್ಯಕೀಯ ತಳಿವಿಜ್ಞಾನ ಪರಿಣತರು ರೂಪಿಸಿದ, ‘ನಿರುಪದ್ರವಿ’ಯಿಂದ ‘ರೋಗಕಾರಕ’ದವರೆಗಿನ ಐದು ಮೆಟ್ಟಿಲುಗಳ ಮಾನದಂಡದಲ್ಲಿ ಅದನ್ನು ತೂಗಬೇಕು. ಆ ಐದರಲ್ಲಿ ನಡುವಿನದು ‘ಮಹತ್ವ ಅನಿಶ್ಚಿತ’. ಎಷ್ಟೋ ಬದಲಾವಣೆಗಳು ಅಲ್ಲಿಯೇ ನಿಂತುಬಿಡುತ್ತವೆ.

ಇಷ್ಟು ಎಚ್ಚರ ಏಕೆಂದರೆ ಆ ವರದಿಯನ್ನು ಹಿಡಿದು ಒಂದು ದಂಪತಿ ಮುಂದಿನ ಗರ್ಭವನ್ನು ಉಳಿಸಿಕೊಳ್ಳಬೇಕೇ ಬೇಡವೇ ಎಂದು ತೀರ್ಮಾನಿಸುತ್ತಾರೆ. ಅನಿಶ್ಚಿತವಾದದ್ದನ್ನು ನಿಶ್ಚಿತವೆಂದು ಬರೆದರೆ ಆಗುವ ಹಾನಿಯನ್ನು ಯಾರೂ ತುಂಬಿಕೊಡಲಾರರು.

ಇನ್ನು ಪರೀಕ್ಷೆ ನೋಡದೇ ಬಿಡುವ ಜಾಗಗಳ ಮಾತು. ನಿಮ್ಮ ಪ್ರಶ್ನೆಗೆ ನಾನು ಕೊಡಬೇಕಾದ ಉತ್ತರದ ಹುರುಳು ಇರುವುದು ಇಲ್ಲಿ.

ಎಸ್‌ಎಂಎ ಎಂಬ ಸ್ನಾಯು ಕ್ಷೀಣಿಸುವ ಕಾಯಿಲೆಯ ಹೆಸರು ನಿಮಗೆ ಗೊತ್ತಿರಬಹುದು. 16 ಕೋಟಿ ರೂಪಾಯಿಯ ಚುಚ್ಚುಮದ್ದಿಗಾಗಿ ತಂದೆತಾಯಿಯರು ಜನರ ಮುಂದೆ ಕೈಯೊಡ್ಡಿದ ಸುದ್ದಿಗಳಿಂದ ಇದು ಮನೆಮಾತಾಯಿತು. ಬೆನ್ನುಹುರಿಯ ನರಕೋಶಗಳನ್ನು ಕಾಪಾಡುವ ಎಸ್‌ಎಂಎನ್1 ವಂಶವಾಹಿಯ ಪಕ್ಕದಲ್ಲೇ ಹೆಚ್ಚು ಕಡಿಮೆ ಅದರಂತೆಯೇ ಇರುವ ಎಸ್‌ಎಂಎನ್2 ಇದೆ. ಏಳನೇ ಎಕ್ಸಾನ್‌ನಲ್ಲಿ (ವಂಶವಾಹಿಯೊಳಗಿನ ಪ್ರೋಟೀನ್ ಸಂಕೇತವಿರುವ ತುಂಡುಗಳಿಗೆ ಎಕ್ಸಾನ್ ಎನ್ನುತ್ತಾರೆ) ಸಿ ಇರಬೇಕಾದಲ್ಲಿ ಟಿ ಇರುವ ಒಂದು ಅಕ್ಷರದ ವ್ಯತ್ಯಾಸ ಎರಡನೆಯದನ್ನು ಬಹುಮಟ್ಟಿಗೆ ನಿರುಪಯುಕ್ತವಾಗಿಸಿದೆ. ಗಂಡಿನ ಕಡೆಯವರು ಹೆಣ್ಣಿನ ಕಡೆಯವರು ಒಂದೇ ಮದುವೆಗೆ ಬೇರೆ ಬೇರೆ ಲಗ್ನಪತ್ರಿಕೆ ಅಚ್ಚು ಹಾಕಿಸಿರುತ್ತಾರಲ್ಲ, ಅವೆರಡನ್ನೂ ಹರಿದು ಬೆರೆಸಿ, ಮುಹೂರ್ತದ ಸಾಲಿರುವ ಚೂರೊಂದನ್ನು ಕೈಗಿತ್ತು ಇದು ಯಾರ ಪತ್ರಿಕೆಯದು ಎಂದು ಕೇಳಿದರೆ ಏನು ಹೇಳುತ್ತೀರಿ? ತಂತ್ರಾಂಶದ ಸ್ಥಿತಿಯೂ ಅದೇ. ಎರಡೂ ಕಡೆ ಹೊಂದುವ ತುಣುಕಿಗೆ ಅದು ‘ನಂಬಿಕೆ ಸೊನ್ನೆ’ ಎಂಬ ಅಂಕ ಕೊಡುತ್ತದೆ, ಮುಂದಿನ ತಂತ್ರಾಂಶ ಆ ಅಂಕ ನೋಡಿ ತುಣುಕನ್ನು ಬದಿಗೆ ತಳ್ಳುತ್ತದೆ. ಮಗುವಿಗೆ ಎಸ್‌ಎಂಎ ಇದ್ದರೂ ಸಾಮಾನ್ಯ ಎಕ್ಸೋಮ್ ವಿಶ್ಲೇಷಣೆ ಏನೂ ಹೇಳದೆ ಮುಗಿಯಬಹುದು. ಇದು ಗೊತ್ತಿರುವವರು ಪ್ರತ್ಯೇಕ ಪರೀಕ್ಷೆ ಕೇಳುತ್ತಾರೆ, ಅಥವಾ ಪ್ರತಿಗಳ ಸಂಖ್ಯೆಯನ್ನು ಬೇರೆ ಲೆಕ್ಕಾಚಾರದಿಂದ ತೆಗೆಯುತ್ತಾರೆ.

ಎರಡನೆಯದು ನಿಮ್ಮ ಚಿಕ್ಕಪ್ಪನವರ ಲಕ್ಷಣಗಳಿಗೆ ಹತ್ತಿರವಾದ ವಿಷಯ. ನಡುವಯಸ್ಸಿನ ನಂತರ ನಡಿಗೆ ತೂರಾಡುವುದು, ಪಾದಗಳ ಸ್ಪರ್ಶಜ್ಞಾನ ಕುಂದುವುದು, ಒಳಗಿವಿಯ ಸಮತೋಲನ ಕೆಡುವುದು, ಜೊತೆಗೆ ಅನೇಕರಲ್ಲಿ ವರ್ಷಗಟ್ಟಲೆ ಒಣಕೆಮ್ಮು. ಈ ಕಾಯಿಲೆಗೆ ಕ್ಯಾನ್ವಾಸ್ ಎಂದು ಹೆಸರಿತ್ತು, ಕಾರಣ ತಿಳಿದಿರಲಿಲ್ಲ. ಎಕ್ಸೋಮ್‌ಗಳಲ್ಲಿ ಏನೂ ಸಿಗುತ್ತಿರಲಿಲ್ಲ. 2019ರಲ್ಲಿ ಲಂಡನ್ನಿನಲ್ಲಿ ಆಂಡ್ರಿಯಾ ಕೊರ್ಟೆಸೆ, ಹೆನ್ರಿ ಹೌಲ್ಡನ್ ಅವರ ತಂಡ ಇಡೀ ಜೀನೋಮ್‌ಗಳನ್ನು ತೆರೆದು, ಕುಟುಂಬಗಳ ಅಧ್ಯಯನ ಮೊದಲೇ ತೋರಿಸಿದ್ದ ಪ್ರದೇಶವನ್ನು ಕಣ್ಣಿನಿಂದಲೇ ಪರಿಶೀಲಿಸಿತು. ಆರ್‌ಎಫ್‌ಸಿ1 ವಂಶವಾಹಿಯ ಒಳಗೆ, ಪ್ರೋಟೀನ್‌ಗೆ ಸೇರದ ಭಾಗದಲ್ಲಿ, ರೋಗಿಗಳ ಗೆರೆಗಳು ಇದ್ದಕ್ಕಿದ್ದಂತೆ ವಿರಳವಾಗುವ ಒಂದು ಜಾಗ ಕಂಡಿತು. ಮಾದರಿ ಜೀನೋಮ್‌ನಲ್ಲಿ ಅಲ್ಲಿ ಎಎಎಎಜಿ ಎಂಬ ಐದು ಅಕ್ಷರ ಹನ್ನೊಂದು ಬಾರಿ ಮರುಕಳಿಸುತ್ತದೆ, ಒಟ್ಟು 55 ಅಕ್ಷರ. ರೋಗಿಗಳಲ್ಲಿ ಆ ಐದರ ಜಾಗದಲ್ಲಿ ಎಎಜಿಜಿಜಿ ಬಂದು ನೂರಾರು ಬಾರಿ ಮರುಕಳಿಸಿತ್ತು. ಅಂದರೆ 2,000 ಅಕ್ಷರಗಳಿಗೂ ಮಿಕ್ಕಿದ ಉದ್ದ. 150 ಅಕ್ಷರದ ತುಣುಕು ಅದನ್ನು ದಾಟಲಾರದು. ದಾಟಲಾರದ್ದರಿಂದ ಅಲ್ಲಿ ಖಾಲಿ ಬೀಳುತ್ತದೆ. ಆ ಖಾಲಿಯೇ ಸುಳಿವಾಯಿತು. ಅದೇ ವರ್ಷ ಮೆಲ್ಬರ್ನ್‌ನ ಮೆಲನಿ ಬಾಲೊ ಅವರ ತಂಡ ಇಂಥ ಮರುಕಳಿಕೆಗಳನ್ನು ಹುಡುಕಲೆಂದೇ ಬರೆದ ತಂತ್ರಾಂಶಗಳ ನೆರವಿನಿಂದ ಸ್ವತಂತ್ರವಾಗಿ ಅದೇ ಜಾಗಕ್ಕೆ ಬಂದು ತಲುಪಿತು. ಬಾಲೊ ಅಂಕಿಅಂಶ ವಿಜ್ಞಾನದ ಹಿನ್ನೆಲೆಯವರು ಎಂಬುದನ್ನು ನಿಮಗೆ ಒತ್ತಿ ಹೇಳುತ್ತೇನೆ.

ಮೂರನೆಯದು ನನಗೆ ಬಹಳ ಪ್ರಿಯವಾದ ಸಂಶೋಧನೆ. ಬ್ರಿಟನ್ನಿನ ಲಕ್ಷ ಜೀನೋಮ್ ಯೋಜನೆಯಲ್ಲಿ, ಬೌದ್ಧಿಕ ಬೆಳವಣಿಗೆ ಕುಂಠಿತವಾದ ಸಾವಿರಾರು ಮಕ್ಕಳ ಇಡೀ ಜೀನೋಮ್ ವರ್ಷಗಳಿಂದ ಸರ್ವರ್‌ಗಳಲ್ಲಿತ್ತು. ಬಹಳಷ್ಟು ಮಕ್ಕಳಿಗೆ ಉತ್ತರ ಸಿಕ್ಕಿರಲಿಲ್ಲ. ಎಲ್ಲರೂ ಪ್ರೋಟೀನ್ ಮಾಡುವ ಸುಮಾರು 20,000 ವಂಶವಾಹಿಗಳನ್ನೇ ಸೋಸಿ ನೋಡುತ್ತಿದ್ದರು. 2024ರಲ್ಲಿ ಆಕ್ಸ್‌ಫರ್ಡ್‌ನ ನಿಕೋಲಾ ವಿಫಿನ್ ಅವರ ತಂಡ ಮತ್ತು ನ್ಯೂಯಾರ್ಕಿನ ಅರ್ನೆಸ್ಟ್ ಟೂರೊ ಅವರ ತಂಡ ಪ್ರೋಟೀನ್ ಮಾಡದ, ನೂರೈವತ್ತು ಅಕ್ಷರಗಳಷ್ಟೂ ಉದ್ದವಿಲ್ಲದ ಆರ್‌ಎನ್‌ಯು4-2 ಎಂಬ ಪುಟ್ಟ ವಂಶವಾಹಿಯತ್ತ ಬೆರಳು ತೋರಿಸಿದವು. ಅದರೊಳಗೆ 18 ಅಕ್ಷರಗಳ ಒಂದು ಪಟ್ಟಿ ಆರೋಗ್ಯವಂತರಲ್ಲಿ ಬದಲಾಗುವುದೇ ಅಪರೂಪ. ವಿಫಿನ್ ತಂಡಕ್ಕೆ ಆ ಪಟ್ಟಿಯಲ್ಲಿ ಬದಲಾವಣೆಯಿದ್ದ 115 ರೋಗಿಗಳು ಸಿಕ್ಕರು. ಅವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜನರಲ್ಲಿ ಇದ್ದದ್ದು ಒಂದೇ ಬದಲಾವಣೆ, ಒಂದೇ ಒಂದು ಅಕ್ಷರದ ಸೇರ್ಪಡೆ. ಇಂಥ ತೊಂದರೆಯಿರುವ ಸಾವಿರ ಜನರಲ್ಲಿ ಸುಮಾರು ನಾಲ್ವರಿಗೆ ಇದೇ ಕಾರಣವೆಂದು ಅವರು ಅಂದಾಜಿಸಿದರು. ಒಂದೇ ವಂಶವಾಹಿಗೆ ಇದು ಬಹಳ ದೊಡ್ಡ ಪಾಲು. ಹೊಸ ರೋಗಿಯೂ ಬೇಕಾಗಲಿಲ್ಲ, ಹೊಸ ರಕ್ತವೂ ಬೇಕಾಗಲಿಲ್ಲ. ಹಳೆಯ ದತ್ತಾಂಶಕ್ಕೆ ಹೊಸ ಪ್ರಶ್ನೆ ಕೇಳಿದರು. ಕಾಯಿಲೆಗೆ ಈಗ ರೀನ್ಯು ಸಿಂಡ್ರೋಮ್ ಎಂಬ ಹೆಸರಿದೆ, ಕುಟುಂಬಗಳು ಪರಸ್ಪರ ಹುಡುಕಿಕೊಂಡಿವೆ.

ಕೃತಕ ಬುದ್ಧಿಮತ್ತೆಯ ಬಗ್ಗೆ ಕೇಳಿದ್ದೀರಿ. ಅದು ಬಂದು ಬಹಳ ದಿನವಾಯಿತು. ವಂಶವಾಹಿಯ ಆರ್‌ಎನ್‌ಎ ನಕಲಿನಿಂದ ಬೇಡದ ಭಾಗ ಕತ್ತರಿಸಿ ಉಳಿದದ್ದನ್ನು ಜೋಡಿಸುವ ಆರ್‌ಎನ್‌ಎ ಹೊಲಿಗೆ ಎಲ್ಲಿ ಕೆಡುತ್ತದೆ ಎಂದು ಊಹಿಸುವ ಸ್ಪ್ಲೈಸ್‌ಎಐ 2019ರದು; ಪ್ರೋಟೀನ್‌ನ ಒಂದು ಅಮೈನೋ ಆಮ್ಲ ಬದಲಾಗುವ 7.1 ಕೋಟಿ ಸಾಧ್ಯತೆಗಳಿಗೆ ಅಂಕ ಕೊಟ್ಟ ಆಲ್ಫಾಮಿಸ್ಸೆನ್ಸ್ 2023ರದು. ಎರಡನ್ನೂ ನಿತ್ಯ ಬಳಸುತ್ತೇವೆ. ಆದರೆ ಅವು ಹೇಳುವುದು ‘ಈ ಬದಲಾವಣೆ ಪ್ರೋಟೀನ್‌ಗೆ ಹಾನಿ ಮಾಡೀತು’ ಎಂದು. ಈ ಮಗುವಿನ ಮೂರ್ಛೆಗೆ ಅದೇ ಕಾರಣವೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಮಗುವಿನ ಲಕ್ಷಣ, ಕುಟುಂಬದ ವಂಶವೃಕ್ಷ, ದತ್ತಾಂಶದ ಗುಣಮಟ್ಟ ಎಲ್ಲವನ್ನೂ ಒಟ್ಟಿಗೆ ತೂಗಬೇಕು. ಪ್ರೋಗ್ರಾಂ ಬರೆಯುವ, ಕಡತ ಜೋಡಿಸುವ ಕೆಲಸ ಕಡಿಮೆಯಾಗುತ್ತಿದೆ, ಇನ್ನೂ ಕಡಿಮೆಯಾಗಲಿ. ಅಷ್ಟನ್ನೇ ಬಲ್ಲವರಿಗೆ ಕಷ್ಟವಾದೀತು ಎಂಬುದನ್ನು ಮುಚ್ಚಿಡುವುದಿಲ್ಲ.

ಚಿಕಿತ್ಸೆಯಿಲ್ಲದಿದ್ದರೆ ಹೆಸರೇಕೆ ಎಂಬ ನಿಮ್ಮ ಪ್ರಶ್ನೆಯನ್ನು ತಿದ್ದಬೇಕಾಗಿದೆ. ಅಪರೂಪದ ನರರೋಗಗಳಲ್ಲಿ ಬಹುಪಾಲಿಗೆ ನಿರ್ದಿಷ್ಟ ಔಷಧಿಯಿಲ್ಲ ಎಂಬುದು ನಿಜ. ಆದರೆ ಕೆಲವಕ್ಕೆ ಇದೆ, ಅದೂ ಕೈಗೆಟಕುವ ಬೆಲೆಗೆ. ಎಎಲ್‌ಡಿಎಚ್7ಎ1 ಎಂಬ ವಂಶವಾಹಿ ಕೆಟ್ಟು ಬರುವ ಮೂರ್ಛೆರೋಗ ಸಾಮಾನ್ಯ ಔಷಧಿಗಳಿಗೆ ಬಗ್ಗುವುದಿಲ್ಲ, ಬಿ6 ವಿಟಮಿನ್‌ಗೆ ಬಗ್ಗುತ್ತದೆ. ಎಸ್‌ಎಲ್‌ಸಿ19ಎ3 ಕೆಟ್ಟ ಮಗು ಜ್ವರದ ನಂತರ ಪ್ರಜ್ಞೆ ತಪ್ಪಿ ಕೈಕಾಲು ಸೆಟೆದುಕೊಳ್ಳುತ್ತದೆ. ಬಯೋಟಿನ್ ಮತ್ತು ಥಯಾಮಿನ್ ಬೇಗ ಕೊಟ್ಟರೆ ಚೇತರಿಸಿಕೊಳ್ಳುತ್ತದೆ. ಮಿದುಳಿಗೆ ಗ್ಲೂಕೋಸ್ ಸಾಗಿಸುವ ಎಸ್‌ಎಲ್‌ಸಿ2ಎ1 ಕೆಟ್ಟರೆ ಕೊಬ್ಬಿನಂಶ ಹೆಚ್ಚಿರುವ ಕೀಟೋಜೆನಿಕ್ ಆಹಾರವೇ ಮದ್ದು. ಜಿಸಿಎಚ್1 ಕೆಟ್ಟು ಸಂಜೆಯ ಹೊತ್ತಿಗೆ ಕಾಲು ತಿರುಚಿಕೊಳ್ಳುವ ಮಗುವಿಗೆ ಸಣ್ಣ ಪ್ರಮಾಣದ ಲೆವೊಡೋಪ ಸಾಕು. ಇಂಥ ಮಕ್ಕಳನ್ನು ಸೆರೆಬ್ರಲ್ ಪಾಲ್ಸಿ ಎಂದು ತಪ್ಪಾಗಿ ಗುರುತಿಸುವುದೂ ಉಂಟು. ಎಸ್‌ಸಿಎನ್1ಎ ಕೆಟ್ಟ ಡ್ರಾವೆ ಸಿಂಡ್ರೋಮ್‌ನಲ್ಲಿ ಯಾವ ಮಾತ್ರೆ ಕೊಡಬಾರದು ಎಂಬುದೇ ದೊಡ್ಡ ತಿಳಿವಳಿಕೆ, ಕಾರ್ಬಮಜೆಪೈನ್ ಅಲ್ಲಿ ಮೂರ್ಛೆಯನ್ನು ಹೆಚ್ಚಿಸುತ್ತದೆ. ಈ ಮಕ್ಕಳಿಗೆ ವಾರಗಳ ಲೆಕ್ಕದಲ್ಲಿ ಉತ್ತರ ಬೇಕು. ವರದಿ ತಡವಾದಷ್ಟೂ ಕಳೆದುಕೊಂಡದ್ದು ಮರಳಿ ಬರುವುದು ಕಷ್ಟ.

ಇನ್ನೊಂದು ಬಗೆಯ ಸಂಗತಿ ಅಮೆರಿಕದ ಬಾಸ್ಟನ್ ಮಕ್ಕಳ ಆಸ್ಪತ್ರೆಯದು. ಮಕ್ಕಳ ಮಿದುಳನ್ನು ಕ್ರಮೇಣ ಕೆಡಿಸುವ ಬ್ಯಾಟನ್ ಕಾಯಿಲೆಯ ಲಕ್ಷಣಗಳಿದ್ದ ಬಾಲಕಿಯೊಬ್ಬಳಲ್ಲಿ ಎಂಎಫ್‌ಎಸ್‌ಡಿ8 ವಂಶವಾಹಿಯ ಒಂದು ಪ್ರತಿಯ ದೋಷ ಮಾತ್ರ ಸಿಕ್ಕಿತ್ತು. ಕಾಯಿಲೆ ಬರಲು ಎರಡೂ ಪ್ರತಿ ಕೆಡಬೇಕು. ಟಿಮೊಥಿ ಯು ಅವರ ತಂಡ ಇಡೀ ಜೀನೋಮ್ ಓದಿಸಿ ನೋಡಿದಾಗ, ಆ ವಂಶವಾಹಿಯ ಒಂದು ಇಂಟ್ರಾನ್‌ನಲ್ಲಿ, ಅಂದರೆ ಪ್ರೋಟೀನ್ ಸಂಕೇತವಿಲ್ಲದ ನಡುವಿನ ಭಾಗದಲ್ಲಿ, ಕೆಲವು ತುಣುಕುಗಳ ಒಂದು ತುದಿ ಸರಿಯಾದ ಜಾಗದಲ್ಲಿದ್ದು ಇನ್ನೊಂದು ತುದಿ ಬೇರೆಲ್ಲೋ ಹೊಂದುತ್ತಿತ್ತು. ಸುಮಾರು 2,000 ಅಕ್ಷರಗಳ ಜಿಗಿಯುವ ಡಿಎನ್‌ಎ ತುಂಡೊಂದು ಅಲ್ಲಿ ಬಂದು ಸೇರಿ ಆರ್‌ಎನ್‌ಎ ಹೊಲಿಗೆಯನ್ನು ಕೆಡಿಸಿತ್ತು. ಆ ತಪ್ಪು ಹೊಲಿಗೆಯನ್ನು ಮರೆಮಾಚುವ 22 ಅಕ್ಷರಗಳ ಔಷಧಿಯನ್ನು ಆ ಒಂದು ಮಗುವಿಗೆಂದೇ ತಯಾರಿಸಿ 2018ರ ಆರಂಭದಲ್ಲಿ ಕೊಡತೊಡಗಿದರು. ಅದಕ್ಕೆ ಅವಳ ಹೆಸರಿನಿಂದಲೇ ಮಿಲಾಸೆನ್ ಎಂದು ಹೆಸರಿಟ್ಟರು. ಮೂರ್ಛೆಗಳು ಕಡಿಮೆಯಾದವು. ಕಾಯಿಲೆ ಆಗಲೇ ಬಹಳ ಮುಂದುವರಿದಿತ್ತು, ಅವಳು 2021ರಲ್ಲಿ ತೀರಿಕೊಂಡಳು. ಒಬ್ಬರಿಗಾಗಿ ಒಂದು ಔಷಧಿ ಎಂಬ ದಾರಿ ಅಲ್ಲಿಂದ ತೆರೆದುಕೊಂಡಿತು. ಆ ಎರಡನೆಯ ದೋಷ ಕಣ್ಣಿಗೆ ಬೀಳದಿದ್ದರೆ ಅದಾವುದೂ ಇರುತ್ತಿರಲಿಲ್ಲ.

ಏನು ಕಲಿಯಬೇಕು? ಲಿನಕ್ಸ್, ಪೈಥಾನ್, ಆರ್ ಹೇಗೂ ಬೇಕು; ಅವು ಕೆಲವು ತಿಂಗಳಲ್ಲಿ ಬರುತ್ತವೆ. ಅಂಕಿಅಂಶ ಶಾಸ್ತ್ರಕ್ಕೆ ಹೆಚ್ಚು ಸಮಯ ಕೊಡಿ. ತಳಿವಿಜ್ಞಾನವನ್ನು ವಂಶವೃಕ್ಷ ನೋಡಿದ ಕೂಡಲೇ ಆನುವಂಶಿಕತೆಯ ಬಗೆ ಹೊಳೆಯುವಷ್ಟು ಕಲಿಯಿರಿ. ಅಭ್ಯಾಸಕ್ಕೆ ರೋಗಿಗಳ ದತ್ತಾಂಶ ಕೇಳಿಕೊಂಡು ಹೋಗಬೇಡಿ, ಅದು ಅವರ ಒಪ್ಪಿಗೆಯಿಲ್ಲದೆ ಯಾರೂ ಕೊಡಬಾರದ ವಸ್ತು. ಅಮೆರಿಕದ ಮಾನಕ ಸಂಸ್ಥೆಯ ಜೀನೋಮ್ ಇನ್ ಎ ಬಾಟಲ್ ಯೋಜನೆಯಲ್ಲಿ ತಂದೆ, ತಾಯಿ, ಮಗನ ಜೀನೋಮ್‌ಗಳು ಸರಿಯುತ್ತರದ ಸಮೇತ ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ ನೀವೇ ವ್ಯತ್ಯಾಸಗಳ ಪಟ್ಟಿ ಮಾಡಿ, ಸರಿಯುತ್ತರದ ಜೊತೆ ಹೋಲಿಸಿ. ತಪ್ಪಿಹೋದ ಒಂದೊಂದನ್ನೂ ಐಜಿವಿಯಲ್ಲಿ ತೆರೆದು ಏಕೆ ತಪ್ಪಿತು ಎಂದು ಬರೆದಿಡಿ. ಸಂದರ್ಶನಕ್ಕೆ ಬಂದವರು ಹತ್ತು ತಂತ್ರಾಂಶಗಳ ಹೆಸರು ಹೇಳುವುದಕ್ಕಿಂತ ಆ ಬರಹವನ್ನು ತೋರಿಸಿದರೆ ನಾನು ಕುತೂಹಲದಿಂದ ಓದುತ್ತೇನೆ. ಬೆಂಗಳೂರಿನ ಐಬಿಎಬಿ ಸಂಸ್ಥೆಯಲ್ಲಿ ಬಯೋಇನ್ಫರ್ಮ್ಯಾಟಿಕ್ಸ್ ಕಲಿಸುತ್ತಾರೆ; ನಿಮ್ಹಾನ್ಸ್, ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಮಣಿಪಾಲದ ವೈದ್ಯಕೀಯ ತಳಿವಿಜ್ಞಾನ ವಿಭಾಗಗಳಲ್ಲಿ ಅಪರೂಪದ ಕಾಯಿಲೆಗಳ ಸಂಶೋಧನೆ ನಡೆಯುತ್ತಿದೆ. ಸಂಬಳ ಸಾಫ್ಟ್‌ವೇರ್ ಕಂಪನಿಗಳಷ್ಟು ಇರುವುದಿಲ್ಲ, ಸಂಶೋಧನಾ ಹುದ್ದೆಗಳು ಬಹಳಷ್ಟು ಯೋಜನೆ ಮುಗಿಯುವವರೆಗೆ ಮಾತ್ರ. ಮನೆಯ ಜವಾಬ್ದಾರಿಯಿರುವವರು ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಕೊನೆಯದಾಗಿ ನಿಮ್ಮ ಚಿಕ್ಕಪ್ಪನವರ ವಿಷಯ. ಅವರನ್ನು ನೋಡದೆ ಕಾಯಿಲೆ ಇಂಥದ್ದೇ ಎಂದು ಹೇಳಲಾರೆ, ಹೇಳಬಾರದು. ಆದರೆ ದೊಡ್ಡವರಾದ ಮೇಲೆ ಬರುವ ಆನುವಂಶಿಕ ಅಟಾಕ್ಸಿಯಾಗಳಲ್ಲಿ ಬಹಳಷ್ಟು ಅಕ್ಷರಗಳ ಮರುಕಳಿಕೆ ಹಿಗ್ಗಿ ಬರುವಂಥವು: ಸ್ಪೈನೋಸೆರೆಬೆಲ್ಲರ್ ಅಟಾಕ್ಸಿಯಾದ ಬಗೆಗಳಾದ ಎಸ್‌ಸಿಎ1, ಎಸ್‌ಸಿಎ2, ಎಸ್‌ಸಿಎ3, ಎಸ್‌ಸಿಎ12, ಸಾಮಾನ್ಯವಾಗಿ ಚಿಕ್ಕ ವಯಸ್ಸಿನಲ್ಲಿ ಬಂದರೂ ಕೆಲವರಲ್ಲಿ ತಡವಾಗಿ ಕಾಣಿಸಿಕೊಳ್ಳುವ ಫ್ರೀಡ್ರೈಕ್, ಮೇಲೆ ಹೇಳಿದ ಆರ್‌ಎಫ್‌ಸಿ1, ಈಚೆಗೆ ಗೊತ್ತಾದ ಎಫ್‌ಜಿಎಫ್14. ಇವುಗಳನ್ನು ಅಳೆಯಲು ಸಾಮಾನ್ಯ ಎಕ್ಸೋಮ್ ಪರೀಕ್ಷೆಯನ್ನು ನೆಚ್ಚುವಂತಿಲ್ಲ. ಮರುಕಳಿಕೆಯ ಪರೀಕ್ಷೆ ಆಗಿದೆಯೇ ಎಂದು ನರರೋಗ ತಜ್ಞರನ್ನು ಕೇಳಿ. ಬಿ12 ಮತ್ತು ಇ ವಿಟಮಿನ್ ಕೊರತೆ, ಥೈರಾಯ್ಡ್, ಮದ್ಯ ಇವನ್ನೆಲ್ಲ ನೋಡಿಯಾಗಿದೆಯೇ ಎಂದೂ ಕೇಳಿ. ಎಕ್ಸೋಮ್‌ನ ಮೂಲ ಕಡತಗಳನ್ನು ಪ್ರಯೋಗಾಲಯದಿಂದ ಕೇಳಿ ಪಡೆದು ಜೋಪಾನವಾಗಿಡಿ; ಹೊಸ ವಂಶವಾಹಿಗಳು ಪ್ರತಿವರ್ಷ ಸೇರುತ್ತಲೇ ಇರುವುದರಿಂದ ಒಂದೆರಡು ವರ್ಷ ಬಿಟ್ಟು ಮತ್ತೆ ವಿಶ್ಲೇಷಿಸಿದಾಗ ಉತ್ತರ ಸಿಗುವುದು ಹೊಸದೇನಲ್ಲ.

ಮರುಕಳಿಕೆ ಪರೀಕ್ಷೆಯಲ್ಲಿ ಉತ್ತರ ಸಿಕ್ಕರೆ, ಅವರ ಮಕ್ಕಳಾಗಲಿ ನಿಮ್ಮ ತಂದೆಯವರಾಗಲಿ ನೀವಾಗಲಿ ಕೂಡಲೇ ರಕ್ತ ಕೊಟ್ಟು ಪರೀಕ್ಷೆ ಮಾಡಿಸಿಕೊಳ್ಳಲು ಅವಸರಪಡಬೇಡಿ. ಲಕ್ಷಣವೇ ಇಲ್ಲದವರು ಮುಂದೆ ಬರಬಹುದಾದ ಕಾಯಿಲೆಯನ್ನು ಮೊದಲೇ ತಿಳಿದುಕೊಳ್ಳಬೇಕೇ ಎಂಬುದನ್ನು ಆನುವಂಶಿಕ ಸಮಾಲೋಚಕರ ಜೊತೆ ಕುಳಿತು ಒಬ್ಬೊಬ್ಬರೂ ಸ್ವತಃ ನಿರ್ಧರಿಸಬೇಕು. ಅಲ್ಲಿಗೆ ಹೋಗುವಾಗ ಮೂರು ತಲೆಮಾರಿನ ವಂಶವೃಕ್ಷ ಬರೆದುಕೊಂಡು ಹೋಗಿ: ಯಾರಿಗೆ ಯಾವ ವಯಸ್ಸಿನಲ್ಲಿ ನಡಿಗೆ ತಪ್ಪಿತು, ಯಾರು ಸಂಬಂಧದಲ್ಲೇ ಮದುವೆಯಾದರು, ಯಾರು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಮನೆಯ ಹಿರಿಯರನ್ನು ಕೇಳಿದರೆ ಇವಿಷ್ಟೂ ಸಿಗುತ್ತವೆ.